ಒಂಬತ್ತನೆಯ ರೀಲಿನ ಎಂಬತ್ತನಾಲ್ಕು ಅಡಿ

೧೯೫೯ನೆಯ ಇಸವಿ ಮೇ ತಿಂಗಳ ೨೯ನೆಯ ತಾರೀಖು, ಶುಕ್ರವಾರ. ವಿಕಾರಿ ಸಂವತ್ಸರದ ವೈಶಾಖ ಬಹುಳ. ವಸಂತ ಋತು ಮುಗಿಯಲು ಇನ್ನೂ ಒಂದು ವಾರವಿತ್ತು. ಶಿಕಾರಿಪುರದಲ್ಲಿ ಬೆಳಗಿನಿಂದ ಎಲೆ ಅಲುಗದಂತೆ ಗಾಳಿ ನಿಂತಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತಾದರೂ ಹನಿ ಬಿದ್ದಿರಲಿಲ್ಲ. ಬಸ್ಸು ಬರುವುದು ಒಂಬತ್ತೂವರೆಗೆಂದು ಚೆನ್ನಾಗಿ ತಿಳಿದಿದ್ದರೂ ಉಚ್ಚಂಗಪ್ಪನು ಏಳು ಗಂಟೆಗೇ ನಿಲ್ದಾಣಕ್ಕೆ ಬಂದು, ಒಗೆದು ಮಡಿ ಮಾಡಿದ ಅಂಗಿಯಲ್ಲಿ ನಿಂತಿದ್ದನು. ಶಿರಾಳಕೊಪ್ಪದ ಬಸ್ಸಿನ ನೆತ್ತಿಯ ಮೇಲೆ ನಾಲ್ಕು ಕಬ್ಬಿಣದ ಪೆಟ್ಟಿಗೆಗಳು ಬರಬೇಕಾಗಿದ್ದವು. ಆ ಪೆಟ್ಟಿಗೆಗಳಲ್ಲಿ ಹದಿನಾರು ರೀಲುಗಳ ಒಂದು ಸಾಮಾಜಿಕ ಚಿತ್ರವಿತ್ತು. ಆ ಹದಿನಾರರೊಳಗೆ ಎಲ್ಲಿಯೋ ಒಂದು ಕಡೆ, ಹದಿಮೂರು ತಿಂಗಳ ಹಿಂದೆ ತೀರಿಕೊಂಡ ಅವನ ಹೆಂಡತಿ ಗುಡ್ಡಮ್ಮ ಇದ್ದಳು.

ಉಚ್ಚಂಗಪ್ಪನು ಹುಟ್ಟಿದ್ದು ಶಿಕಾರಿಪುರದಲ್ಲಿಯೇ, ೧೯೨೩ರಲ್ಲಿ. ಲೋವರ್ ಸೆಕೆಂಡರಿ ಪರೀಕ್ಷೆ ಮುಗಿಸಿ, ದಾವಣಗೆರೆಯ ಒಂದು ಚಿತ್ರಮಂದಿರದಲ್ಲಿ ಐದು ವರ್ಷ ಯಂತ್ರ ಒರೆಸಿ, ೧೯೪೯ರಿಂದ ಊರಿನ ಟೂರಿಂಗ್ ಟೆಂಟಿನಲ್ಲಿ ಆಪರೇಟರನಾಗಿದ್ದನು. ಯಂತ್ರದ ದೀಪದ ಕಾರ್ಬನ್ ಕಡ್ಡಿ ಉರಿಸುವುದು, ರೀಲು ಸುತ್ತುವುದು, ಹರಿದ ಫಿಲ್ಮನ್ನು ಬೆಸೆಯುವುದು ಅವನ ಕೆಲಸ. ಬೆಸೆಯುವುದರಲ್ಲಿ ಅವನಿಗೆ ಸಮನಾದವರು ಈ ಸೀಮೆಯಲ್ಲಿರಲಿಲ್ಲ. ಎರಡು ತುದಿಗಳನ್ನು ಬ್ಲೇಡಿನಿಂದ ಹೆರೆದು, ಬಾಳೆಹಣ್ಣಿನ ವಾಸನೆಯ ಅಂಟು ಸವರಿ ಒತ್ತಿ ಹಿಡಿದು, ಕೊನೆಗೆ ಕೆಳಗಿನ ಮೂಲೆಯನ್ನು ಉಗುರಿನಷ್ಟು ದುಂಡಗೆ ಕತ್ತರಿಸುತ್ತಿದ್ದನು. ಮೂಲೆ ಹಾಗೆ ದುಂಡಗಿದ್ದರೆ ಬೆಸುಗೆಯು ಯಂತ್ರದ ಹಲ್ಲಿಗೆ ಸಿಕ್ಕಿ ಮತ್ತೆ ಹರಿಯುವುದಿಲ್ಲವೆಂಬುದು ಅವನು ತಾನೇ ಕಂಡುಕೊಂಡ ಉಪಾಯ.

ಬೆಸೆಯುವ ಕೈಗೆ ಕತ್ತರಿಸುವ ಕೆಲಸವೂ ಇದ್ದೇ ಇತ್ತು. ಚಿತ್ರ ಹಂಚುವ ಕಂಪನಿಯವರಿಗೆ ಮೂರು ಗಂಟೆಯ ಚಿತ್ರ ಬೇಡವಾಗಿತ್ತು. ಎರಡನೆಯ ಆಟ ಹೊತ್ತಿಗೆ ಸರಿಯಾಗಿ ಮುಗಿಯಬೇಕೆಂದು ಅವರು ಅಚ್ಚು ಹಾಕಿದ ಸುತ್ತೋಲೆ ಕಳುಹಿಸುತ್ತಿದ್ದರು: "ನಿಧಾನವಾದ ಭಾಗಗಳನ್ನು ಆಯಾ ಊರಿನ ಆಪರೇಟರು ತಮ್ಮ ವಿವೇಚನೆಯಂತೆ ತೆಗೆಯತಕ್ಕದ್ದು." ಆ ವಿವೇಚನೆಗೆ ಉಚ್ಚಂಗಪ್ಪನು ಒಂದು ಗಾದೆಯನ್ನೇ ಕಟ್ಟಿದ್ದನು: ನಾಯಕನಿಲ್ಲ, ಮಾತಿಲ್ಲ ಅಂದ್ರೆ ಕತ್ತರಿಗೆ ಪಾಪವಿಲ್ಲ. ಗದ್ದೆಗೆ ಹೋಗುವ ಜನ, ಸಂತೆಯಲ್ಲಿ ಕುಳಿತ ಮುದುಕಿ, ನೀರಿಗೆ ಬಂದ ಹೆಂಗಸರು, ಎಲ್ಲರೂ ಹತ್ತು ವರ್ಷ ಅವನ ಮೇಜಿನ ಕೆಳಗಿನ ಬುಟ್ಟಿಗೆ ಬಿದ್ದಿದ್ದರು. ಹಳೆಯ ಕಾಲದ ಆಪರೇಟರುಗಳು ಕತ್ತರಿಸಿದ ತುಂಡುಗಳನ್ನು ಸುತ್ತಿ ಕೊನೆಯ ರೀಲಿನ ಡಬ್ಬಿಯಲ್ಲಿ ಇಡುತ್ತಿದ್ದರು. ಪೆಟ್ಟಿಗೆ ಹಿಂದಕ್ಕೆ ಹೋಗುವ ಮುನ್ನ ಮತ್ತೆ ಜೋಡಿಸುತ್ತಿದ್ದರು. ಕೇಳುವವರಿಲ್ಲದ ಮೇಲೆ ಅವನೂ ಆ ಪದ್ಧತಿಯನ್ನು ಬಿಟ್ಟುಬಿಟ್ಟಿದ್ದನು.

ಗುಡ್ಡಮ್ಮ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಸುಂಕಲಮ್ಮನ ಒಬ್ಬಳೇ ಮಗಳು. ಮದುವೆಯಾದದ್ದು ೧೯೫೩ರ ಮೇ ೬ರಂದು. ೧೯೫೭ರಲ್ಲಿ ಗೌರಿಹಬ್ಬಕ್ಕೆ ತವರಿಗೆ ಹೋದವಳು ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಗುಡವಿಯ ನೆಂಟರ ಮನೆಯಲ್ಲಿದ್ದಳು. ಅಲ್ಲಿಯ ಕೆರೆಯ ಮರಗಳಲ್ಲಿ ಆಗ ಕೊಕ್ಕರೆಗಳ ಸಂತಾನಕಾಲ. ಆ ಹಕ್ಕಿಗಳನ್ನು ಕ್ಯಾಮರಾದಲ್ಲಿ ಹಿಡಿಯಲು ಮದರಾಸಿನಿಂದ ಒಂದು ಚಿತ್ರ ತಯಾರಕರ ತಂಡ ಬಂದಿತ್ತು. ೧೮ರ ಬುಧವಾರ ಅವರಿಗೆ ಏರಿಯ ಮೇಲೆ ಬಿಂದಿಗೆ ಹೊತ್ತು ನಡೆಯುವ ಆರು ಮಂದಿ ಹೆಂಗಸರು ಬೇಕಾದರು. ಗುಡ್ಡಮ್ಮ ಮೂರನೆಯವಳಾಗಿ ನಡೆದಳು.

ಶಿಕಾರಿಪುರಕ್ಕೆ ಮರಳಿದ ದಿನ ಅವಳು ಒಲೆಯ ಮುಂದೆ ಕುಳಿತು ಇದನ್ನೆಲ್ಲ ಹೇಳಿದ್ದಳು.

"ಹಿಂದಕ್ಕೆ ಮಾತ್ರ ತಿರುಗಬ್ಯಾಡ್ರಿ ಅಂತ ಚಿತ್ರ ತೆಗೆಸೋ ಟೊಪ್ಪಿ ದೊರೆ ಮೂರು ಸಲ ಹೇಳಿದ್ದ ರೀ. ನಾ ತಿರುಗಿಬಿಟ್ಟೆ."

"ಯಾಕೆ ತಿರುಗಿದೆ?"

"ತಿರುಗದೆ ಏನ್ ಮಾಡ್ಲಿ? ಕೊಕ್ಕರೆ ಒಂದು ಹಾರ್ತಾ ಹಾರ್ತಾ ಆ ಟೊಪ್ಪಿ ದೊರೆ ಟೊಪ್ಪಿ ಮೇಲೇ ಅಭಿಷೇಕ ಮಾಡ್ತು. ಆತ ಕುಣಿಯೋದು ನೋಡಿ ನಗು ತಡೀಲಿಲ್ಲ. ಬೈತಾರೇನೋ ಅಂದ್ಕಂಡ್ರೆ, ಕ್ಯಾಮರಾದ ಮುದುಕ ಚಲೋ ಬಂತು, ಚಲೋ ಬಂತು ಅಂದ." ಆಮೇಲೆ ಒಲೆಗೆ ಸೌದೆ ತಳ್ಳುತ್ತ ಕೇಳಿದ್ದಳು: "ಅದ್ನ ತೆಗೆದು ಹಾಕ್ತಾರೇನ್ರೀ? ನೀವೂ ಕತ್ತರಿ ಹಿಡಿಯೋರೇ ಅಲ್ವಾ?"

"ನನ್ನ ಕೈಗೆ ಬರೋ ಚಿತ್ರಕ್ಕೆ ಯಾರು ಕತ್ತರಿ ಹಾಕ್ತಾರೆ ಹುಚ್ಚಿ?" ಎಂದಿದ್ದನು ಅವನು.

ಆ ವರ್ಷದ ದೀಪಾವಳಿಗೆ ಪೇಟೆಯ ಸ್ಟುಡಿಯೋದಲ್ಲಿ ಇಬ್ಬರ ಫೋಟೋ ತೆಗೆಸೋಣವೆಂದು ಅವನು ಹೊರಟಾಗ ಅವಳೇ ಬೇಡವೆಂದಳು. "ಫೋಟೋ ಯಾತಕ್ರೀ? ಸಿನಿಮಾದಾಗೇ ಐದೀನಲ್ಲ, ನಡೆಯೋ ಹೆಂಡ್ತೀನ ಬಿಟ್ಟು ನಿಂತಿರೋ ಹೆಂಡ್ತಿ ಬೇಕೇನು ನಿಮಗೆ?" ೧೯೫೮ರ ಏಪ್ರಿಲ್ ೧೧, ಶುಕ್ರವಾರ, ಮೂರು ದಿನದ ಜ್ವರದಲ್ಲಿ ಅವಳು ಹೋದಳು. ಅವಳ ಮುಖ ಎಲ್ಲಿಯೂ, ಒಂದು ಚೂರು ಕಾಗದದ ಮೇಲೂ ಇರಲಿಲ್ಲ. ವರ್ಷ ಕಳೆಯುತ್ತಿದ್ದಂತೆ ಉಚ್ಚಂಗಪ್ಪನಿಗೆ ಅವಳ ದನಿ ನೆನಪಿಗೆ ಬರುತ್ತಿತ್ತು. ಎಡಚಿಯಾದ ಅವಳು ಬಿಂದಿಗೆಯನ್ನು ಎಡಸೊಂಟದಲ್ಲಿಟ್ಟು ನಡೆಯುವ ಬಗೆ ನೆನಪಿಗೆ ಬರುತ್ತಿತ್ತು. ಮುಖವು ಮಾತ್ರ ದಿನದಿನಕ್ಕೆ ಮಾಸುತ್ತಿತ್ತು. ಅದಕ್ಕಾಗಿ ಅವನು ಆ ಚಿತ್ರದ ದಾರಿಯನ್ನು, ಮಳೆಗೆ ಕಾಯುವವರಂತೆ, ಊರೂರಿನ ಭಿತ್ತಿಪತ್ರಗಳಲ್ಲಿ ನೋಡುತ್ತ ಕಾದಿದ್ದನು.

ಪೆಟ್ಟಿಗೆಗಳು ಬಂದವು. ಅವುಗಳ ಜೊತೆಗೆ ಕಂಪನಿಯ ಪ್ರತಿನಿಧಿ ಗಂಗಾಧರಪ್ಪನೂ ಬಂದನು. ಚಿತ್ರ ಹೋದಲ್ಲೆಲ್ಲ ಹೋಗಿ ಟಿಕೇಟಿನ ಮೇಲೆ ಕಣ್ಣಿಡುವುದು ಆತನ ಉದ್ಯೋಗ. ಆತನು ಕಾಫಿಗೆ ಹೋದ ಹೊತ್ತಿನಲ್ಲಿ ಉಚ್ಚಂಗಪ್ಪನು ಟೆಂಟಿನ ಯಂತ್ರದ ಕೋಣೆಯಲ್ಲಿ ಕದ ಮುಚ್ಚಿ, ಒಂದೊಂದೇ ರೀಲನ್ನು ಕೈಯಿಂದ ಸುತ್ತುತ್ತ, ಕಿಟಕಿಯ ಬಿಸಿಲಿಗೆ ಹಿಡಿದು ನೋಡತೊಡಗಿದನು. ಗುಡವಿಯ ಕೆರೆ ಒಂಬತ್ತನೆಯ ರೀಲಿನಲ್ಲಿ ಸಿಕ್ಕಿತು. ಮರಗಳು ಬಂದವು. ಬೆಳ್ಳಗೆ ಹಕ್ಕಿಗಳು ಬಂದವು. ಏರಿ ಬಂದಿತು. ಏರಿಯ ಹಿಂದೆಯೇ ನಾಯಕನು ಕಚೇರಿಯ ಮೇಜಿನ ಮುಂದೆ ಕುಳಿತಿದ್ದನು.

ಏರಿಗೂ ಮೇಜಿಗೂ ನಡುವೆ ಒಂದು ಬೆಸುಗೆಯಿತ್ತು. ಅದರ ಕೆಳಗಿನ ಮೂಲೆ ದುಂಡಗಿತ್ತು.

ಒಂದು ಗಳಿಗೆ ಉಚ್ಚಂಗಪ್ಪನು ಅದನ್ನು ತನ್ನ ಬೆಸುಗೆಯೆಂದೇ ತಿಳಿದನು. ಹಾಗೆ ಮೂಲೆ ಕತ್ತರಿಸುವುದನ್ನು ಅವನು ಒಬ್ಬನಿಗೆ ಮಾತ್ರ ಕಲಿಸಿದ್ದನು. ಆತ ಸೊರಬದ ಟೆಂಟಿನ ಆಪರೇಟರ್ ಸಣ್ಣಬೀರಪ್ಪ. ಎರಡು ವರ್ಷ ಅವನ ಪಕ್ಕದಲ್ಲಿ ನಿಂತು, ಬೆಸುಗೆಯೊಡನೆ ಗಾದೆಯನ್ನೂ ಕಲಿತು ಹೋದವನು. ಚಿತ್ರವು ಮೇ ೧೫ರಿಂದ ೨೧ರವರೆಗೆ ಸೊರಬದಲ್ಲಿ ಆಡಿ ಬಂದಿತ್ತು.

ಇಷ್ಟನ್ನು ಕಣ್ಣು ಹೇಳಿತು. ಮನಸ್ಸು ಒಪ್ಪಲಿಲ್ಲ. ಅಷ್ಟರಲ್ಲಿ ಗಂಗಾಧರಪ್ಪ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದನು.

"ಏನ್ರೀ ಉಚ್ಚಂಗಪ್ಪ, ಹೆಣ ಕಂಡೋರ ಹಂಗೆ ಕುಂತೀರಿ?"

"ಇಲ್ಲಿ ಬಿಂದಿಗೆ ಹೊತ್ತ ಹೆಂಗಸರು ಇದ್ದರು. ಎಲ್ಲಿ ಹೋದರು?"

"ಅಯ್ಯೋ, ಸರ್ಕಾರ ತೆಗೆದಿರ್ತೈತೆ ಬಿಡ್ರಿ. ಸೆನ್ಸಾರಿನೋರಿಗೆ ಹೆಂಗಸ್ರ ಸೊಂಟ ಕಂಡ್ರೆ ಆಗಂಗಿಲ್ಲ."

"ಸರ್ಕಾರ ತೆಗೆದಿದ್ದರೆ ಸರ್ಟಿಫಿಕೇಟಿನ ಎಡಮೂಲೆಯಲ್ಲಿ ತ್ರಿಕೋನ ಇರಬೇಕು. ಎಷ್ಟು ಅಡಿ ತೆಗೆದರೆಂದು ಹಿಂದೆ ಬರೆದಿರಬೇಕು. ಇದರಲ್ಲಿ ಎರಡೂ ಇಲ್ಲ."

"ಗುಮಾಸ್ತ ಮರೆತಿರಬಹುದಪ್ಪ. ಮದರಾಸು ದೂರ," ಎಂದು ಗಂಗಾಧರಪ್ಪ ನಕ್ಕನು. "ಒಂದು ನಿಮಿಷದ ಬಿಂದಿಗೆಗೆ ಯಾಕಿಷ್ಟು ಒದ್ದಾಟ? ಅದ್ರಾಗೆ ನಾಯಕನೂ ಇಲ್ಲ, ಮಾತೂ ಇಲ್ಲ."

ಉಚ್ಚಂಗಪ್ಪನು 'ಗುಮಾಸ್ತ ಮರೆತಿರಬಹುದು' ಎಂಬ ಮಾತನ್ನು ಮುಳುಗುವವನು ಬಳ್ಳಿಯನ್ನು ಹಿಡಿದಂತೆ ಹಿಡಿದುಕೊಂಡನು. ಕತ್ತರಿಸಿದ್ದು ಸರ್ಕಾರವಾದರೆ ಅದು ಸರ್ಕಾರದ ಪಾಪ; ಬೈಯಬಹುದು, ಅರ್ಜಿ ಹಾಕಬಹುದು. ಸೊರಬಕ್ಕೆ ಇದ್ದದ್ದು ಒಂದು ಹೊತ್ತಿನ ಬಸ್ಸಿನ ದಾರಿ. ಅವನು ಅಲ್ಲಿಗೆ ಹೋಗಲಿಲ್ಲ. ಮೇ ೩೦ರಂದು ಮಾಧ್ಯಮಿಕ ಶಾಲೆಯ ಧರ್ಮಪ್ಪ ಮಾಸ್ತರರಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಸಿ, ಮದರಾಸಿನ ಸೆನ್ಸಾರ್ ಕಚೇರಿಗೆ ರಿಜಿಸ್ಟರ್ ಮಾಡಿದನು. ಒಂಬತ್ತನೆಯ ರೀಲಿನಿಂದ ತಾವು ಎಷ್ಟು ಅಡಿ ತೆಗೆದಿರಿ, ತೆಗೆದದ್ದು ಈಗ ಎಲ್ಲಿದೆ ಎಂಬುದಷ್ಟೇ ಪ್ರಶ್ನೆ.

ಮರುದಿನ ಭಾನುವಾರ. ಮಗಳನ್ನು ನೋಡಲು ಬನ್ನಿರೆಂದು ತಿಂಗಳ ಹಿಂದೆಯೇ ಅವನು ಹೇಳಿ ಕಳುಹಿಸಿದ್ದರಿಂದ ಸುಂಕಲಮ್ಮ ಕುಪ್ಪಗಡ್ಡೆಯಿಂದ ಎರಡು ಬಸ್ಸು ಬದಲಿಸಿ ಬಂದಿಳಿದಳು. ಸಂಜೆಯ ಆಟದಲ್ಲಿ ಹೆಂಗಸರ ಕಡೆಯ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಹೂವಿನ ಪೊಟ್ಟಣವಿಟ್ಟುಕೊಂಡು ಕುಳಿತಳು. ಪಕ್ಕದವರಿಗೆಲ್ಲ "ನನ್ನ ಮಗಳು ಬರ್ತಾಳೆ, ನೋಡ್ರಮ್ಮ" ಎಂದಳು. ಕೆರೆ ಬಂದಾಗ ಎದ್ದೇ ನಿಂತಳು. ಹಿಂದಿನವರು "ಕೂರಜ್ಜಿ, ಕಾಣಂಗಿಲ್ಲ!" ಎಂದು ಕೂಗಿದರು. ಆಟ ಮುಗಿದು ಪರದೆ ಬರಿದಾದ ಮೇಲೂ ಅವಳು ಕುಳಿತೇ ಇದ್ದಳು. ಉಚ್ಚಂಗಪ್ಪನು ಬಂದು ಎದುರಿಗೆ ನಿಂತನು.

"ನನ್ನ ಕಣ್ಣು ಮಂಜು ಅಳಿಯಂದ್ರೆ. ಯಾವಾಗ ಬಂದು ಹೋದ್ಲು? ನಂಗೆ ಕಾಣ್ಲೇ ಇಲ್ಲ."

"ಬರಲಿಲ್ಲ ಅತ್ತೆ. ಸರ್ಕಾರದೋರು ತೆಗೆದು ಹಾಕ್ಯಾರೆ."

ಮುದುಕಿ ಬಹಳ ಹೊತ್ತು ಪರದೆಯನ್ನೇ ನೋಡಿದಳು. "ಸರ್ಕಾರಕ್ಕೆ ಅವಳು ಏನು ಮಾಡಿದ್ಲಪ್ಪ?" ಎಂದಳು. ಹೂವನ್ನು ಪರದೆಯ ಬುಡದಲ್ಲಿಟ್ಟು, ಮರುದಿನ ಬೆಳಗಿನ ಬಸ್ಸಿಗೆ ಹೊರಟುಹೋದಳು.

ಜೂನ್ ೫ರಂದು ಪೆಟ್ಟಿಗೆಗಳು ಗಂಗಾಧರಪ್ಪನೊಡನೆ ಮುಂದಿನ ಊರಿಗೆ ಹೋದವು. ಅದೇ ದಿನ ಮುಂಗಾರು ಹಿಡಿಯಿತು. ೭ರ ಭಾನುವಾರ ಟೆಂಟನ್ನು ಬಿಚ್ಚಿದರು. ಉಚ್ಚಂಗಪ್ಪನಿಗೆ ಇನ್ನು ಕೆಲಸವಿರಲಿಲ್ಲ. ಆದರೂ ಅವನು ಸೊರಬದ ಬಸ್ಸು ಹತ್ತಲಿಲ್ಲ. ಪ್ರತಿದಿನ ಹನ್ನೊಂದು ಗಂಟೆಗೆ ಕೊಡೆ ಹಿಡಿದು ಅಂಚೆ ಕಚೇರಿಗೆ ಹೋಗಿ, ಸರ್ಕಾರವು ತಪ್ಪು ಒಪ್ಪಿಕೊಂಡಿತೇ ಎಂದು ವಿಚಾರಿಸಿ ಬರುತ್ತಿದ್ದನು.

ಜೂನ್ ೧೫, ಸೋಮವಾರ, ಉತ್ತರ ಬಂದಿತು. ಧರ್ಮಪ್ಪ ಮಾಸ್ತರರು ಅದನ್ನು ಮೊದಲು ಓದಿಕೊಂಡು, ಆಮೇಲೆ ಕನ್ನಡದಲ್ಲಿ ಬರೆದೇ ಕೊಟ್ಟರು. ಸದರಿ ಚಿತ್ರದ ಉದ್ದ ೧೫,೩೧೨ ಅಡಿ. ಒಂಬತ್ತನೆಯ ರೀಲು ೯೮೨ ಅಡಿ. ಯಾವ ಭಾಗವನ್ನೂ ಈ ಕಚೇರಿಯು ತೆಗೆಸಿರುವುದಿಲ್ಲ. ಅರ್ಜಿದಾರರು ಕೇಳಿದ ಭಾಗದ ವಿವರ ಕಡತದಲ್ಲಿರುವಂತೆ: "ದೃಶ್ಯ ೬೧. ಕೆರೆಯ ಏರಿ. ಹಕ್ಕಿಗಳು. ನೀರು ಒಯ್ಯುವ ಆರು ಮಂದಿ ಹೆಂಗಸರು. ಮೂರನೆಯ ಹೆಂಗಸು ಹಿಂದಿರುಗಿ ನೋಡಿ ನಗುತ್ತಾಳೆ. ೮೪ ಅಡಿ. ಆಕ್ಷೇಪಣೆಯಿಲ್ಲ."

ಮೇಜಿನ ಮೇಲೆ ಉಚ್ಚಂಗಪ್ಪನು ಅಳೆದಾಗ ಒಂಬತ್ತನೆಯ ರೀಲು ೮೯೮ ಅಡಿ ಇತ್ತು.

"ನೋಡ್ರೀ," ಎಂದರು ಮಾಸ್ತರರು ಕನ್ನಡಕ ತೆಗೆದು, "ಮದರಾಸಿನಲ್ಲಿ ಯಾರೋ ಒಬ್ಬ ಅಧಿಕಾರಿ ನಿಮ್ಮ ಮನೆಯವರು ನಕ್ಕಿದ್ದನ್ನು ಕಂಡು, ಬರೆದಿಟ್ಟುಕೊಂಡಿದ್ದಾನೆ."

ಉಚ್ಚಂಗಪ್ಪನು ಮರುದಿನ ಮೊದಲ ಬಸ್ಸಿಗೆ ಸೊರಬಕ್ಕೆ ಹೊರಟನು. ದಾರಿಯುದ್ದಕ್ಕೂ ಮಳೆ. ಸಣ್ಣಬೀರಪ್ಪನ ಮನೆ ಊರ ಹೊರಗೆ ಗದ್ದೆಯ ಅಂಚಿನಲ್ಲಿತ್ತು. ಗುರು ಬಂದರೆಂದು ಆತನು ಒದ್ದೆ ಕಂಬಳಿಯನ್ನು ಎಸೆದು ಓಡಿಬಂದು ಕಾಲು ಮುಟ್ಟಿದನು.

"ಮಳೇಲಿ ಯಾಕೆ ಬಂದ್ರಿ ಗುರುಗಳೇ? ಒಂದು ಕಾಗದ ಹಾಕಿದ್ರೆ ನಾನೇ ಬರ್ತಿದ್ನಲ್ಲ."

"ಹೋದ ತಿಂಗಳು ಗುಡವಿ ಕೆರೆಯ ಚಿತ್ರ ಬಂದಿತ್ತಲ್ಲ. ಒಂಬತ್ತನೆಯ ರೀಲಿನಲ್ಲಿ ಏನು ತೆಗೆದೆ?"

"ಬಿಂದಿಗೆ ಹೆಂಗಸ್ರನ್ನ," ಎಂದು ಸಣ್ಣಬೀರಪ್ಪ ಹೆಮ್ಮೆಯಿಂದ ಹೇಳಿದನು. "ಕಂಪನಿಯೋರು ಇಪ್ಪತ್ತು ನಿಮಿಷ ಇಳಿಸು ಅಂದ್ರು. ನಾಯಕನಿಲ್ಲ, ಮಾತಿಲ್ಲ... ನೀವು ಹೇಳಿಕೊಟ್ಟ ಹಂಗೇ ಮಾಡ್ದೆ. ಬೆಸುಗೆ ನೋಡಿದ್ರಾ? ಎಲ್ಲೂ ಎಗರ್ಲಿಲ್ಲ, ಅಲ್ವ್ರಾ?"

"ನೋಡಿದೆ. ಚೆನ್ನಾಗಿತ್ತು," ಎಂದನು ಉಚ್ಚಂಗಪ್ಪ. ಬಳಿಕ, "ಅದರಲ್ಲಿ ಮೂರನೆಯವಳು ಗುಡ್ಡಮ್ಮ," ಎಂದನು.

ಸಣ್ಣಬೀರಪ್ಪನು ಎರಡು ವರ್ಷ ಆ ಮನೆಯಲ್ಲಿ ಉಂಡವನು. ಗುಡ್ಡಮ್ಮನನ್ನು ಅಕ್ಕ ಎಂದು ಕರೆಯುತ್ತಿದ್ದವನು. ಆದರೆ ಕಂಪನಿಯ ಅವಸರದಲ್ಲಿ, ಬೆರಳಗಲದ ಫಿಲ್ಮಿನಲ್ಲಿ ಅವನು ಮುಖ ನೋಡಿರಲಿಲ್ಲ. ನಾಯಕನಿದ್ದಾನೆಯೇ ಎಂದು ಮಾತ್ರ ನೋಡಿದ್ದನು. ಕೈಯೆತ್ತಿ ಮನೆಯ ಹಿಂದಿನ ಭತ್ತದ ಸಸಿಮಡಿಯನ್ನು ತೋರಿಸಿದನು.

ಬಿತ್ತಿದ ಬೀಜವನ್ನು ಗುಬ್ಬಿಗಳು ಹೆಕ್ಕದಂತೆ ಮಡಿಯ ಸುತ್ತ ಬಿದಿರಿನ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಫಿಲ್ಮಿನ ತುಂಡುಗಳನ್ನು ಕಟ್ಟಿದ್ದರು. ಬಿಸಿಲಿಗೆ ಮಿರುಗಿ, ಗಾಳಿಗೆ ಪಟಪಟ ಬಡಿದು ಅವು ಹಕ್ಕಿಗಳನ್ನು ಹೆದರಿಸುತ್ತಿದ್ದವು. ಈಗ ಸಸಿ ಗೇಣುದ್ದ ಎದ್ದಿತ್ತು. ಉಚ್ಚಂಗಪ್ಪನು ಮಳೆಯಲ್ಲಿಯೇ ಕೆಸರಿಗೆ ಇಳಿದು ಒಂದು ತುಂಡನ್ನು ಹಿಡಿದು ಬೆಳಕಿಗೆ ಎತ್ತಿದನು. ಅದು ಗಾಜಿನಂತೆ ಬರಿದಾಗಿತ್ತು. ಫಿಲ್ಮಿನ ಮೇಲಿನ ಚಿತ್ರವು ಗಂಜಿಯಂತಹ ಒಂದು ತೆಳು ಲೇಪದಲ್ಲಿ ಇರುತ್ತದೆ. ಹತ್ತು ದಿನದ ಮಳೆಗೆ ಅದು ನೆನೆದು, ಉಬ್ಬಿ, ಜಾರಿ ಗದ್ದೆಗೆ ಇಳಿದುಹೋಗಿತ್ತು.

"ಯಾವಾಗ ತೊಳೆಯಿತು?" ಎಂದು ಕೇಳಿದನು.

"ಈ ತಿಂಗಳ ಮೂರು ನಾಕರ ತನಕ ಚಿತ್ರ ಹಂಗೇ ಇತ್ತು ಗುರುಗಳೇ. ಮಳೆ ಹಿಡಿದದ್ದು ಐದಕ್ಕೆ." ಸಣ್ಣಬೀರಪ್ಪ ಅಳತೊಡಗಿದ್ದನು.

ಮೇ ೨೯ರಿಂದ ಜೂನ್ ೪ರವರೆಗೆ ಏಳು ದಿನ. ಉಚ್ಚಂಗಪ್ಪನು ಅದನ್ನು ಬೆರಳಲ್ಲಿ ಎಣಿಸಲಿಲ್ಲ, ಎಣಿಸದೆಯೇ ಗೊತ್ತಾಯಿತು. ಅವನು ಗೂಟಗಳ ಬಳಿಗೆ ಹೋಗಿ ಗಂಟುಗಳನ್ನು ಬಿಚ್ಚತೊಡಗಿದನು. ಬಿಗಿದ ಗಂಟಿನ ಮಡಿಕೆಯೊಳಗೆ ನೀರು ಪೂರ್ತಿ ಇಳಿದಿರಲಾರದೆಂದು ಹತ್ತು ವರ್ಷ ಫಿಲ್ಮು ಮುಟ್ಟಿದ ಬೆರಳಿಗೆ ತಿಳಿದಿತ್ತು. ಸಣ್ಣಬೀರಪ್ಪನೂ ಇಳಿದನು. ಒಟ್ಟು ಹನ್ನೊಂದು ಗಂಟು. ಒಂದರಲ್ಲಿ ಆಕಾಶ. ಒಂದರಲ್ಲಿ ಬೇರೆ ಯಾವುದೋ ಚಿತ್ರದ ಕುದುರೆಯ ಕಾಲು. ಕೆಲವು ಪೂರ್ತಿ ಖಾಲಿ. ಎಂಟನೆಯ ಗಂಟಿನಲ್ಲಿ ಏಳು ಚೌಕಗಳು ಉಳಿದಿದ್ದವು. ಅವುಗಳಲ್ಲಿ ಒಂದು ಬಿಂದಿಗೆ, ಅದನ್ನು ತಬ್ಬಿದ ಒಂದು ತೋಳು, ತೋಳಿನಲ್ಲಿ ನಾಲ್ಕು ಬಳೆ. ಬಿಂದಿಗೆ ಎಡಸೊಂಟದಲ್ಲಿತ್ತು. ಭುಜದಿಂದ ಮೇಲೆ ಲೇಪವು ಹರಿದುಹೋಗಿತ್ತು. ಕಪ್ಪು ಬಿಳುಪಿನಲ್ಲಿ ಬಳೆಯ ಬಣ್ಣ ತಿಳಿಯುವುದಿಲ್ಲ. ಅವು ಹಸಿರೆಂದು ಉಚ್ಚಂಗಪ್ಪನಿಗೆ ಗೊತ್ತಿತ್ತು. ಆ ಗೌರಿಹಬ್ಬಕ್ಕೆ ಅವನೇ ತೊಡಿಸಿ ಕಳುಹಿಸಿದ್ದನು.

ಅಂದು ಮಧ್ಯಾಹ್ನವೇ ಅವನು ಕುಪ್ಪಗಡ್ಡೆಗೆ ಹೋದನು. ಸುಂಕಲಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಕುಳಿತುಕೊಳ್ಳದೆ, ನಿಂತೇ ಹೇಳಿದನು:

"ಅತ್ತೆ, ಸರ್ಕಾರ ತೆಗೀಲಿಲ್ಲ. ಕಂಪನಿ ಹೇಳ್ತು, ನನ್ನ ಶಿಷ್ಯ ಕತ್ತರಿಸಿದ. ಕತ್ತರಿಸೋದನ್ನ ಕಲಿಸಿದೋನು ನಾನು. ಗೊತ್ತಾದ ದಿನವೇ ಸೊರಬಕ್ಕೆ ಬಂದಿದ್ರೆ ಅವಳು ಸಿಗ್ತಿದ್ಲು. ಬರಲಿಲ್ಲ."

ಸುಂಕಲಮ್ಮ ಮೊರವನ್ನು ಪಕ್ಕಕ್ಕೆ ಇಟ್ಟಳು. ಅವನು ಏಳು ಚೌಕಗಳ ತುಂಡನ್ನು ಅವಳ ಕೈಗಿಟ್ಟನು. ಮಂಜುಗಣ್ಣಿನ ಆಕೆಗೆ ಅದರಲ್ಲಿ ಏನೂ ಕಾಣಲಿಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಆಗ ಅವನು ಮಾಸ್ತರರ ಕಾಗದ ತೆಗೆದು ಓದಿದನು. "ಮೂರನೆಯ ಹೆಂಗಸು ಹಿಂದಿರುಗಿ ನೋಡಿ ನಗುತ್ತಾಳೆ" ಎಂಬಲ್ಲಿಗೆ ಬಂದಾಗ ಮುದುಕಿ ಕೈಯೆತ್ತಿ ತಡೆದಳು.

"ಯಾರು ಬರೆದದ್ದು ಅದು?"

"ಸರ್ಕಾರದೋರು."

"ನಕ್ಕಳು ಅಂತ ಬರೆದಾರಾ?"

"ಬರೆದಾರೆ. ಆಕ್ಷೇಪಣೆ ಇಲ್ಲ ಅಂತಾನೂ ಬರೆದಾರೆ."

"ಕೂತ್ಕಾ," ಎಂದಳು ಸುಂಕಲಮ್ಮ. "ಕೂತ್ಕಂಡು ಇನ್ನೊಂದು ಸಲ ಓದು."

ಅವನು ಕುಳಿತು ಓದಿದನು.

ಮುಂದೆ ನಡೆದದ್ದು ಇಷ್ಟು. ಆ ಚಿತ್ರದ ಬೇರೊಂದು ಪ್ರತಿಗಾಗಿ ಉಚ್ಚಂಗಪ್ಪನು ಕಂಪನಿಗೆ ಮೂರು ಕಾಗದ ಬರೆದನು: ೧೯೫೯ರ ಜೂನ್ ೨೨, ಆಗಸ್ಟ್ ೩, ಅಕ್ಟೋಬರ್ ೧೯. ಉತ್ತರ ಬರಲಿಲ್ಲ. ಅದೇ ನವೆಂಬರಿನಲ್ಲಿ ಟೆಂಟು ಮತ್ತೆ ಎದ್ದಾಗ ಅವನು ಕತ್ತರಿಸಿದ ಪ್ರತಿಯೊಂದು ತುಂಡಿಗೂ ರೀಲಿನ ಸಂಖ್ಯೆ, ಅಡಿ, ತಾರೀಖು ಬರೆದ ಚೀಟಿ ಕಟ್ಟಿ ಕೊನೆಯ ಡಬ್ಬಿಯಲ್ಲಿಡಲು ಆರಂಭಿಸಿದನು. ಪೆಟ್ಟಿಗೆ ಹೊರಡುವ ಮುನ್ನ ಎಲ್ಲವನ್ನೂ ಮತ್ತೆ ಬೆಸೆದನು. ಸಣ್ಣಬೀರಪ್ಪನೂ ಹಾಗೆಯೇ ಮಾಡಿದನು. ಕಂಪನಿಯು ೧೯೬೪ರಲ್ಲಿ ಮುಚ್ಚಿತು. ಚಿತ್ರದ ಪ್ರತಿಗಳು ಏನಾದವೆಂದು ತಿಳಿಯದು. ಸುಂಕಲಮ್ಮ ೧೯೬೬ರ ಜನವರಿಯಲ್ಲಿ ತೀರಿಕೊಂಡಳು. ಉಚ್ಚಂಗಪ್ಪನು ಮರುಮದುವೆಯಾಗಲಿಲ್ಲ, ೧೯೭೮ರವರೆಗೆ ಅದೇ ಉದ್ಯೋಗದಲ್ಲಿದ್ದು, ೧೯೮೩ರ ಫೆಬ್ರವರಿ ೯ರಂದು ಶಿಕಾರಿಪುರದಲ್ಲಿ ನಿಧನನಾದನು. ಅವನ ಪೆಟ್ಟಿಗೆಯಲ್ಲಿ ಏಳು ಚೌಕಗಳ ಫಿಲ್ಮಿನ ತುಂಡೂ ಧರ್ಮಪ್ಪ ಮಾಸ್ತರರ ಕೈಬರಹದ ಕಾಗದವೂ ಒಂದೇ ಲಕೋಟೆಯಲ್ಲಿ ಸಿಕ್ಕಿದವು.